ಬಾಟು ಬೊಲೊಂಗ್‌ನಲ್ಲಿ ತಂಗಿಯನ್ನು ಕಾಯ್ದವರಿಗೆ

ಇಂಡೊನೇಷ್ಯಾದ ಲಬುವಾನ್ ಬಾಜೊ ಬಂದರಿನಿಂದ ಕೊಮೊಡೊ ರಾಷ್ಟ್ರೀಯ ಉದ್ಯಾನದತ್ತ ಹೊರಟ ನಮ್ಮ ಪಿನಿಸಿ ಹಾಯಿಹಡಗಿನಲ್ಲಿ ಡೈವಿಂಗ್ ಗೈಡ್ ಆಗಿದ್ದ ಹಿರಿಯರೊಬ್ಬರಿಗೆ ಈ ಮೂಲಕ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತಿದ್ದೇನೆ. ಬಾಟು ಬೊಲೊಂಗ್ ಬಂಡೆಯ ಬಳಿ ನೀರಿನ ಸೆಳೆತವು ನನ್ನ ತಂಗಿಯನ್ನು ಆಳಕ್ಕೆ ಎಳೆಯತೊಡಗಿದಾಗ, ಅವರು ಕ್ಷಣವೂ ತಡಮಾಡದೆ ಆಕೆಯ ಸಿಲಿಂಡರಿನ ಕೊರಳನ್ನು ಹಿಡಿದು, ಹವಳಕ್ಕೆ ಒಂದಿಷ್ಟೂ ತಾಗದಂತೆ ಬಂಡೆಯ ಮರೆಗೆ ಕರೆತಂದರು. ಎರಡು ಬೆರಳುಗಳಿಂದ ತಮ್ಮ ಕಣ್ಣುಗಳನ್ನು ತೋರಿಸಿ, ಅಂಗೈಯನ್ನು ಎದೆಯಿಂದ ಮೆಲ್ಲಗೆ ಹೊರಕ್ಕೆ ಆಡಿಸುತ್ತ, ಆಕೆಯ ಉಸಿರು ಹತೋಟಿಗೆ ಬರುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಮೇಲೇರುವಾಗಲೂ ಡೈವಿಂಗ್‌ನ ಸುರಕ್ಷತಾ ನಿಯಮದಂತೆ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತೇ ಹೊರಟರು. ಅಂಥ ಗಾಬರಿಯಲ್ಲೂ ನಿಯಮ ಬಿಡದ ಆ ಶಿಸ್ತು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

ಸಂಜೆ ಡೆಕ್ಕಿನ ಮೇಲೆ ಆಕೆಯ ಪಕ್ಕದಲ್ಲಿ ಕುಳಿತು, ದಕ್ಷಿಣ ಸುಲವೇಸಿಯ ಕುಶಲಕರ್ಮಿಗಳು ಮೊದಲು ಹಲಗೆಗಳನ್ನು ಮರದ ಗೂಟಗಳಿಂದ ಬೆಸೆದು ಹಡಗಿನ ಒಡಲನ್ನು ಕಟ್ಟಿ, ಆಮೇಲೆ ಒಳಗಿನ ಪಕ್ಕೆಗಳನ್ನು ಜೋಡಿಸುವ ಬಗೆಯನ್ನು ತಾಳ್ಮೆಯಿಂದ ವಿವರಿಸಿದರು. 2017ರಲ್ಲಿ ಯುನೆಸ್ಕೊದ ಪಟ್ಟಿಗೆ ಸೇರಿದ ಕಸುಬು ಅದು. ಮರುದಿನ ತಂಗಿ ಅವರ ಜೊತೆಯಲ್ಲೇ ನೀರಿಗಿಳಿದು ಮಂಟಾ ಮೀನುಗಳನ್ನು ಕಂಡಳು. ಹೆಸರು ಬರೆಯುವುದು ಬೇಡವೆಂದು ಅವರು ಕೇಳಿಕೊಂಡಿದ್ದರಿಂದ ಇಲ್ಲಿ ಬರೆದಿಲ್ಲ. ನಮ್ಮ ಮನೆಯವರೆಲ್ಲರ ನಮಸ್ಕಾರಗಳು ಅವರನ್ನು ತಲುಪಲಿ.