ಏರುಮಡಿಗೆ ಎರೆಮಣ್ಣು ಬೇಡ

ಮಾನ್ಯ ಸಂಪಾದಕರೆ,

ನಿಮ್ಮ ಕೃಷಿ ಪುಟದ ಕೈತೋಟದ ಲೇಖನ ಚೆನ್ನಾಗಿತ್ತು. ಆದರೆ ಏರುಮಡಿಗೆ, ಅಂದರೆ ಸುತ್ತ ಅಂಚು ಕಟ್ಟಿ ನೆಲಕ್ಕಿಂತ ಎತ್ತರಿಸಿದ ತರಕಾರಿ ಪಾತಿಗೆ, ‘ಹೊಲದ ಮಣ್ಣು ತುಂಬಿ’ ಎಂದಷ್ಟೇ ಹೇಳಿದರೆ ನಮ್ಮ ಕಡೆಯವರಿಗೆ ಸಾಲದು. ಸಿಂಧನೂರು, ಮಾನ್ವಿ ಸೀಮೆಯಲ್ಲಿ ಹೊಲದ ಮಣ್ಣೆಂದರೆ ಬಹುಪಾಲು ಎರೆ, ಅಂದರೆ ಕಪ್ಪುಮಣ್ಣು. ನೀರು ಕುಡಿದು ಉಬ್ಬಿದರೆ ಅದು ಅಂಚಿನ ಇಟ್ಟಿಗೆಯನ್ನೇ ಹೊರಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿದುಹಾಕುತ್ತದೆ. ಮಡಿಗೆ ಮಸಾರಿ (ಕೆಂಪು) ಮಣ್ಣೇ ಆಗಬೇಕು, ಒಂದು ಟ್ರಾಲಿ ತರಿಸಿದರೂ ಚಿಂತೆಯಿಲ್ಲ.

ಅಳತೆ 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರ ಇರಲಿ. ಅಗಲ ಇದಕ್ಕಿಂತ ಹೆಚ್ಚಾದರೆ ನಡುವಿಗೆ ಕೈ ನಿಲುಕದೆ ಮಡಿ ತುಳಿಯಬೇಕಾಗುತ್ತದೆ. ಉದ್ದವನ್ನು ಪೂರ್ವ-ಪಶ್ಚಿಮವಾಗಿ ಹಿಡಿದರೆ ಇಳಿಹೊತ್ತಿನ ಬಿಸಿಲು ಸಣ್ಣ ಮಗ್ಗುಲಿಗಷ್ಟೇ ನೇರ ಬಡಿಯುತ್ತದೆ. ಅಂಚಿಗೆ ಹಾರುಬೂದಿ ಇಟ್ಟಿಗೆ ಆದೀತು. ಶಹಾಬಾದ್ ಕಲ್ಲಾದರೆ 18 ಇಂಚಿನದನ್ನು 6 ಇಂಚು ನೆಲದಲ್ಲಿ ಹೂತು ನಿಲ್ಲಿಸಿ. ಹಲಗೆ ಮಾತ್ರ ಬೇಡ, ಗೆದ್ದಲಿಗೆ ಊಟ ಬಡಿಸಿದಂತೆ. ಮೊಬೈಲ್ ವಿಡಿಯೊಗಳಲ್ಲಿ ತೋರಿಸುವ ಹಾಗೆ ತಳಕ್ಕೆ ಒಣ ಕೊರಡು ತುಂಬುವುದೂ ಇಲ್ಲಿಗೆ ಹೊಂದುವುದಿಲ್ಲ.

ತಳಕ್ಕೆ ಪ್ಲಾಸ್ಟಿಕ್ ಹಾಸಬಾರದು. ನೆಲವನ್ನು ಅರ್ಧ ಅಡಿ ಅಗೆದು ಸಡಿಲ ಮಾಡಿದರೆ ಸಾಕು. ಉಪ್ಪಿನಂಶದ ಸವಳು ನೆಲವಾದರೆ ಮಾತ್ರ ಅಗೆಯುವುದರ ಬದಲು 3 ಇಂಚು ಜಲ್ಲಿ ಹಾಸಿ; ಕೆಳಗಿನ ಉಪ್ಪು ತೇವದ ಜೊತೆ ಮೇಲೇರುವುದನ್ನು ಅದು ತಡೆಯುತ್ತದೆ.

ಮಡಿಯ ಲೆಕ್ಕ 32 ಘನ ಅಡಿ. ನೀರು ಬಿದ್ದ ಮೇಲೆ ಕುಸಿಯುವುದರಿಂದ 40 ಘನ ಅಡಿ ಹಿಡಿಯಬೇಕು, ಅಂದರೆ 20 ಲೀಟರ್ ಬಣ್ಣದ ಬಕೆಟ್ಟಿನಲ್ಲಿ ಸುಮಾರು 57. ಮಸಾರಿ 28, ಪೂರ್ತಿ ಕಳಿತ ತಿಪ್ಪೆಗೊಬ್ಬರ 17, ಮರಳು 6, ಅರೆಸುಟ್ಟ ಭತ್ತದ ಹೊಟ್ಟು 6, ಜೊತೆಗೆ 2 ಕಿಲೊ ಬೇವಿನ ಹಿಂಡಿ. ಪದರ ಪದರವಾಗಿ ಹಾಕದೆ ಹೊರಗೇ ಕಲಸಿ ತುಂಬಿ. ಗೊಬ್ಬರದಲ್ಲಿ ಸಗಣಿ ವಾಸನೆ ಇದ್ದರೆ, ಹಿಡಿದರೆ ಬೆಚ್ಚಗಿದ್ದರೆ ಅದು ಇನ್ನೂ ಕಳಿತಿಲ್ಲ, ಸಸಿ ಸುಡುತ್ತದೆ.

ಹೊಟ್ಟಿನ ವಿಷಯದಲ್ಲಿ ಎಡವುವವರು ಬಹಳ. ಮಿಲ್ಲಿನ ಹಸಿ ಹೊಟ್ಟನ್ನು ಹಾಗೇ ಕಲಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟು ಎಲೆ ಹಳದಿಯಾಗುತ್ತದೆ. ಬಾಯ್ಲರಿನಲ್ಲಿ ಹೊಟ್ಟು ಪೂರ್ತಿ ಸುಟ್ಟು ಉಳಿಯುವ ಬಿಳಿ ಬೂದಿ ಕ್ಷಾರ, ನಮ್ಮ ಮಣ್ಣು ಮೊದಲೇ ಕ್ಷಾರದ ಕಡೆಗಿರುವುದರಿಂದ ಅದಂತೂ ಬೇಡವೇ ಬೇಡ. ಹೊಟ್ಟನ್ನು ಸುಡುವಾಗ ಅದು ಕಪ್ಪಗಾಗಿ, ಕಾಳಿನ ಆಕಾರ ಉಳಿದಿರುವಾಗಲೇ ನೀರು ಚಿಮುಕಿಸಿ ಆರಿಸಬೇಕು.

ತುಂಬಿದ ಮೇಲೆ ಎರಡು ವಾರ ನೀರುಣಿಸಿ ಬಿಟ್ಟು, ಕುಸಿದಷ್ಟು ಮತ್ತೆ ತುಂಬಿ ನಾಟಿ ಮಾಡಿ. ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ. 2 ಇಂಚು ಭತ್ತದ ಹುಲ್ಲಿನ ಹೊದಿಕೆ, ಮಾರ್ಚಿನಿಂದ ಮೇವರೆಗೆ 50 ಪರ್ಸೆಂಟ್ ನೆರಳು ಬಲೆ ಬೇಕೇ ಬೇಕು. ಬೋರಿನ ನೀರು ಸವಳಾಗಿದ್ದರೆ ಬೀನ್ಸ್ ಬಿಟ್ಟು ಪಾಲಕ್, ಬೀಟ್‌ರೂಟ್ ಹಾಕಿ. ನೀರನ್ನು ಒಮ್ಮೆ ಪರೀಕ್ಷೆ ಮಾಡಿಸುವುದು ಒಳಿತು.

ಇದನ್ನೇ ಮಾಳಿಗೆ ಮೇಲೆ ಮಾಡಹೊರಟವರಿಗೆ ಒಂದು ಮಾತು. ಒಂದು ಅಡಿ ಎತ್ತರದ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೊ ತೂಗುತ್ತದೆ. ಓಡಾಡುವ ಮಾಳಿಗೆಗೆ ಸಾಮಾನ್ಯವಾಗಿ ಹಿಡಿಯುವ ಬಳಕೆಯ ಭಾರ 150 ಕಿಲೊ ಮಾತ್ರ. ಎಂಜಿನಿಯರನ್ನು ಕೇಳದೆ ಮೇಲೆ ಮಣ್ಣು ಏರಿಸಬೇಡಿ.

– ಓದುಗ, ಸಿಂಧನೂರು, ರಾಯಚೂರು ಜಿಲ್ಲೆ