ಅಜ್ಜಯ್ಯನ ಟ್ರಂಕು ಮತ್ತು ಮೂರು ಪಕ್ಷ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಮಳೆ ಹೊಳವಾಗಿಲ್ಲ, ಅಡಿಕೆಗೆ ಎರಡನೇ ಸಲದ ಔಷಧಿ ಬಾಕಿ ಇದೆ. ಮನೆಯವರ ವಾಟ್ಸಾಪಿನಲ್ಲಿ ನೀನೂ ನಿನ್ನಣ್ಣನೂ ಕಿತ್ತಾಡಿದ್ದು ಓದಿದೆ. ಮೊದಲ ಓಟು ಹಾಕುವವಳು, ‘ಎಲ್ಲ ಪಕ್ಷವೂ ಒಂದೇ’ ಎಂದು ಬರೆದುಬಿಟ್ಟಿದ್ದೀಯ. ಒಂದೇ ಅಲ್ಲ ಕಣೇ.

ಕಾಂಗ್ರೆಸ್ 1885ರಲ್ಲಿ ಮುಂಬೈಯಲ್ಲಿ 72 ಜನ ಸೇರಿ ಕಟ್ಟಿದ್ದು. ಮೊದಮೊದಲು ಸರ್ಕಾರಕ್ಕೆ ಮನವಿ ಸಲ್ಲಿಸುವುದೇ ಕೆಲಸ. 1924ರಲ್ಲಿ ಗಾಂಧೀಜಿ ಬೆಳಗಾವಿ ಅಧಿವೇಶನದ ಅಧ್ಯಕ್ಷರಾಗುವ ಹೊತ್ತಿಗೆ ಅದು ಜನರ ಚಳವಳಿ. ಬಿಜೆಪಿಯ ಬೇರು 1951ರ ಜನಸಂಘದಲ್ಲಿದೆ, ಆರೆಸ್ಸೆಸ್ ಅದರ ಬೆನ್ನೆಲುಬು. ಜನಸಂಘದವರು ಜನತಾ ಪಕ್ಷದೊಳಗೆ ಸೇರಿದ್ದು, ಆರೆಸ್ಸೆಸ್ ನಂಟು ಬಿಡಬೇಕೆಂಬ ತಕರಾರೆದ್ದಾಗ ಹೊರಬಂದು 1980ರಲ್ಲಿ ಬಿಜೆಪಿ ಕಟ್ಟಿದರು. ಜೆಡಿಎಸ್ 1999ರ ಒಡಕಿನ ಕೂಸು. ಬಿಜೆಪಿ ಸಹವಾಸ ಬೇಡವೆಂದು ದೇವೇಗೌಡರು ಹೆಸರಲ್ಲೇ ‘ಜಾತ್ಯತೀತ’ ಸೇರಿಸಿಕೊಂಡರು. ಏಳು ವರ್ಷಕ್ಕೆ ಅದೇ ಬಿಜೆಪಿ ಜೊತೆ ಸರ್ಕಾರವನ್ನೂ ಮಾಡಿದರು ಅವರ ಮಗ!

ಹುಟ್ಟು ಇಷ್ಟು ಸಾಕು. ನೀತಿ ತಿಳಿಯಬೇಕಾದರೆ ಜಮೀನಿನ ಬೆನ್ನು ಹತ್ತು. 1951ರಲ್ಲಿ ಇಲ್ಲೇ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ವಿಚಾರಕ್ಕೆ ರೈತರು ಎದ್ದರು. ಜೊತೆಗೆ ನಿಂತವರು ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಗ ಸರ್ಕಾರ ಕಾಂಗ್ರೆಸ್ಸಿನದು. ಆದರೆ ಉಳುವವನಿಗೇ ಹೊಲ ಕೊಡುವ ಕಾನೂನನ್ನು 1974ರಲ್ಲಿ ಜಾರಿಗೆ ತಂದದ್ದೂ ಕಾಂಗ್ರೆಸ್ಸೇ, ದೇವರಾಜ ಅರಸರ ಕಾಂಗ್ರೆಸ್ಸು. ನಿನ್ನ ಅಜ್ಜಯ್ಯ ನಮೂನೆ 7, ಅಂದರೆ ಗೇಣಿದಾರರು ಹೊಲ ಕೇಳುವ ಅರ್ಜಿ, ಬರೆಸಿ, ಭೂ ನ್ಯಾಯಮಂಡಳಿಗೆ ಅಲೆದು ಚಪ್ಪಲಿ ಸವೆಸಿದ್ದು ಆಗಲೇ. ಆ ಆದೇಶದ ಕಾಗದ ಇನ್ನೂ ಟ್ರಂಕಿನಲ್ಲಿದೆ, ಮಡಿಕೆಯಲ್ಲೆಲ್ಲ ಹರಿದಿದೆ. ಅದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಅಜ್ಜಯ್ಯ ಕೈ ತೊಳೆಯುತ್ತಿದ್ದರು.

ಮುಂದೇನಾಯಿತು ನೋಡು. ಕೃಷಿ ಜಮೀನು ಕೊಳ್ಳುವವರಿಗೆ ಬೇರೆ ಆದಾಯ ವರ್ಷಕ್ಕೆ 2 ಲಕ್ಷ ಮೀರಬಾರದಿತ್ತು. 2015ರಲ್ಲಿ ಕಾಂಗ್ರೆಸ್ ಸರ್ಕಾರವೇ ಅದನ್ನು 25 ಲಕ್ಷಕ್ಕೆ ಏರಿಸಿತು. 2020ರಲ್ಲಿ ಬಿಜೆಪಿ ಸರ್ಕಾರ ಈ ತಡೆಗಳಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತುಹಾಕಿತು, ರೈತನಲ್ಲದವನೂ ಕೊಳ್ಳಬಹುದೆಂದು. ಮೇಲ್ಮನೆಯಲ್ಲಿ ಅದಕ್ಕೆ ಕೈಯೆತ್ತಿದ್ದು ಜೆಡಿಎಸ್, ಮಣ್ಣಿನ ಮಕ್ಕಳ ಪಕ್ಷ. ಬೇಸಾಯಕ್ಕೆ ಬಂಡವಾಳ ಬರುತ್ತದೆ ಎಂದು ನಿನ್ನಣ್ಣ ಹೇಳುವುದರಲ್ಲೂ ಹುರುಳಿದೆ. ನನಗೆ ಮಾತ್ರ ಸರಿಬರಲಿಲ್ಲ. ಟ್ರಂಕು ನನ್ನ ಮಂಚದ ಕೆಳಗಿದೆಯಲ್ಲ, ಅದಕ್ಕೂ ಇರಬಹುದು.

ಓಟು ಕೇಳಲು ಬಂದವರನ್ನು ಎರಡೇ ಕೇಳು: ಇದಕ್ಕೆ ಮುಂಚೆ ಯಾವ ಪಕ್ಷದಲ್ಲಿದ್ದಿರಿ, ಸದನದಲ್ಲಿ ಯಾವುದಕ್ಕೆ ಕೈಯೆತ್ತಿದಿರಿ?

ದೀಪಾವಳಿಗೆ ಅಣ್ಣನನ್ನೂ ಕರಕೊಂಡು ಬಾ. ಕೀಲಿಕೈ ನನ್ನ ಹತ್ತಿರವೇ ಇದೆ.

ನಿನ್ನ ದೊಡ್ಡಪ್ಪ