ಪ್ಯಾಕಿಂಗ್ ಆಯ್ತಾ ಅಂತ ಕೇಳಿದೆಯಲ್ಲ

ಗೆಳೆಯಾ,

ನಿನ್ನೆ ಫೋನಿನಲ್ಲಿ ‘ಪ್ಯಾಕಿಂಗ್ ಆಯ್ತಾ’ ಅಂತ ಕೇಳಿದೆ. ಆಯ್ತು ಅಂದುಬಿಟ್ಟೆ. ಆಗಿರಲಿಲ್ಲ ಕಣೋ. ಬ್ಯಾಗು ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು, ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಯಾಕೆ ಅಂತ ಈಗ ಬರೆಯುತ್ತೇನೆ. ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ, ನನ್ನ ಹಾಗೆ ನೇಪಾಳದ ಮುಕ್ತಿನಾಥ ದೇವಸ್ಥಾನಕ್ಕೆ ಹೊರಟವರು ಬೇರೆ ಯಾರಾದರೂ ಇದ್ದರೆ ಅವರಿಗೂ ಒಂದೆರಡು ವಿಷಯ ಉಪಯೋಗಕ್ಕೆ ಬರಲಿ.

ಒಟ್ಟು ಏಳು ದಿನ, ಹದಿನೆಂಟು ಜನ. ಕಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನ, ಅಲ್ಲಿಂದ ಪೊಖರಾ, ಪೊಖರಾದಿಂದ ಪುಟ್ಟ ವಿಮಾನದಲ್ಲಿ ಜೋಮ್ಸೋಮ್, ಆಮೇಲೆ ಜೀಪು. ಹೊತ್ತು ಏರಿದ ಹಾಗೆ ಕಾಲಿ ಗಂಡಕಿ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ, ಅದಕ್ಕೇ ಆ ವಿಮಾನಗಳು ಬೆಳಿಗ್ಗೆಯೇ ಹಾರುವುದು. ಮೋಡ ಕವಿದರೆ ಅದೂ ಇಲ್ಲ. ಹಾಗಾಗಿ ಮಾತ್ರೆಗಳನ್ನು ಎರಡು ದಿನಕ್ಕೆ ಜಾಸ್ತಿಯೇ ಇಟ್ಟುಕೊಂಡಿದ್ದೇನೆ. ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಇರಬೇಕು, ಆಧಾರ್ ನಡೆಯುವುದಿಲ್ಲ. ನಮ್ಮ ಗುಂಪಿನಲ್ಲಿ ಇಬ್ಬರು ಆಧಾರ್ ನಂಬಿಕೊಂಡೇ ಕೂತಿದ್ದರು, ಮೊನ್ನೆ ಗೊತ್ತಾಗಿ ಮನೆಯೆಲ್ಲ ಹುಡುಕಿಸಿದರಂತೆ. ದುಡ್ಡಿನ ಲೆಕ್ಕ ಸುಲಭ, ನಮ್ಮ 100 ರೂಪಾಯಿಗೆ ಅಲ್ಲಿನ 160.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಸ್ನಾನದ ಗಂಟು. ಮುಕ್ತಿನಾಥ ದೇವಸ್ಥಾನದ ಹಿಂದೆ ಅರ್ಧಚಂದ್ರದ ಹಾಗೆ 108 ಧಾರೆಗಳಿವೆ, ತಲೆಯ ಮೇಲೆ ಬೀಳುತ್ತವೆ. ಎತ್ತರ 3,700 ಮೀಟರಿಗೂ ಮೇಲೆ. ನೀರು ಹೇಗಿರುತ್ತದೆ ಅಂತ ನೀನೇ ಯೋಚಿಸು. ಧಾರೆಗಳ ಕೆಳಗೆ ಹಾದು, ಎರಡು ಕುಂಡಗಳಲ್ಲಿ ಮುಳುಗಿ, ಆಮೇಲೆ ದರ್ಶನ. ದಪ್ಪ ಟರ್ಕಿ ಟವೆಲ್ ತೆಗೆದಿಟ್ಟು ತೆಳ್ಳನೆಯದು ಹಾಕಿಕೊಂಡೆ, ಬೇಗ ಒಣಗುತ್ತದೆ. ಒಣ ಬಟ್ಟೆ, ಉಲ್ಲನ್ ಟೋಪಿ, ಕಾಲುಚೀಲ ಎಲ್ಲ ಒಂದೇ ಕವರಿನಲ್ಲಿ, ಬ್ಯಾಗಿನ ಎಲ್ಲಕ್ಕಿಂತ ಮೇಲೆ. ಕವರಿಗೆ ಗಂಟು ಹಾಕಬೇಡ ಅಂತ ಹೋಗಿಬಂದವರೊಬ್ಬರು ಹೇಳಿದರು. ಬೆರಳು ಮರಗಟ್ಟಿರುತ್ತದೆ, ಬಿಚ್ಚುವುದಕ್ಕೆ ಬರುವುದಿಲ್ಲವಂತೆ. ಎಷ್ಟು ನಿಜ ಅಲ್ವಾ?

ಇಷ್ಟೂ ಆಯಿತು. ಆಮೇಲೆ ಅಪ್ಪ ಒಳಗಿನಿಂದ ಒಂದು ಡೈರಿ ತಂದುಕೊಟ್ಟರು. 2022ರದ್ದು. ಕೊನೆಯ ಪುಟದಲ್ಲಿ ಅವರ ದುಂಡು ಅಕ್ಷರದ ಪಟ್ಟಿ. ಟಾರ್ಚು, ಬಿಪಿ ಮಾತ್ರೆ, ಎರಡು ಪಂಚೆ. ‘ಪಶುಪತಿನಾಥದಲ್ಲಿ ಪೂಜೆಯ ಭಟ್ಟರು ಕರ್ನಾಟಕದವರು, ಕನ್ನಡದಲ್ಲಿ ಮಾತಾಡಿಸಬೇಕು’ ಅಂತ ಒಂದು ಸಾಲು. ಅದರ ಕೆಳಗೆ ‘ಮಗನಿಗೆ ಮಫ್ಲರ್. ಅವನು ಮರೆಯುತ್ತಾನೆ.’

ಆ ವರ್ಷ ನಾವಿಬ್ಬರೂ ಹೋಗಬೇಕಿತ್ತು. ರಜೆ ಸಿಗುತ್ತಿಲ್ಲ ಅಂದೆ. ಮರುವರ್ಷವೂ ಅದನ್ನೇ ಅಂದೆ. ನಿನಗೂ ಅದನ್ನೇ ಹೇಳಿದ್ದೆ, ನೆನಪಿದೆಯಾ? ರಜೆ ಸಿಗುತ್ತಿತ್ತು ಕಣೋ. ಅಪ್ಪನ ಜೊತೆ ನಿಧಾನ ನಡೆಯಬೇಕಲ್ಲ ಅಂತ ನನಗೆ ಬೇಜಾರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಪ್ರತಿ ಬೋರ್ಡೂ ಗಟ್ಟಿಯಾಗಿ ಓದುವುದು, ಸಿಕ್ಕವರನ್ನೆಲ್ಲ ಮಾತಾಡಿಸುವುದು, ಗುಂಪಿನವರು ಮುಂದೆ ಹೋಗಿ ನಮಗಾಗಿ ಕಾಯುವುದು. ಅದನ್ನು ನೆನೆಸಿಕೊಂಡೇ ಮುಂದಕ್ಕೆ ಹಾಕುತ್ತಾ ಬಂದೆ. ಈ ವರ್ಷ ನಾನೇ ಟಿಕೆಟ್ ಮಾಡಿಸೋಣ ಅಂದಾಗ ಡಾಕ್ಟರು ಅವರ ಶ್ವಾಸಕೋಶ ನೋಡಿ ಅಷ್ಟು ಎತ್ತರ ಬೇಡವೇ ಬೇಡ ಅಂದರು. ಅಪ್ಪ ಒಂದು ಮಾತೂ ಆಡಲಿಲ್ಲ. ‘ನೀನು ಹೋಗಿ ಬಾ, ಒಂದಿಷ್ಟು ನೀರು ತಾ’ ಅಂದರು ಅಷ್ಟೇ.

ಅದೇ ಡಾಕ್ಟರು ನನಗೂ ಹೇಳಿ ಕಳಿಸಿದ್ದಾರೆ. ಜೋಮ್ಸೋಮ್ ದಾಟಿದ ಮೇಲೆ ಆತುರ ಬೇಡ, ನಿಧಾನ ನಡೆಯಿರಿ, ನೀರು ಕುಡಿಯುತ್ತಾ ಇರಿ, ತಲೆನೋವು ವಾಂತಿ ಶುರುವಾದರೆ ಹಟ ಮಾಡದೆ ಕೆಳಗಿಳಿಯಿರಿ ಅಂತ. ಮೆಟ್ಟಿಲಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತೇನೆ. ಬೋರ್ಡುಗಳನ್ನೂ ಓದುತ್ತೇನೆ. ರಾತ್ರಿ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಬೇಕು.

ನೀರಿಗೆ ತಿರುಪಿನ ಮುಚ್ಚಳದ ತಾಮ್ರದ ಬಾಟಲಿ ಸಿಕ್ಕಿತು. ತುಂಬಿಸಿ, ಪೇಪರಿನ ಮೇಲೆ ತಲೆಕೆಳಗೆ ಮಾಡಿ ರಾತ್ರಿಯೆಲ್ಲ ಇಟ್ಟಿದ್ದೆ. ಬೆಳಿಗ್ಗೆ ಪೇಪರು ಒಣಗಿಯೇ ಇತ್ತು. ವಾಪಸು ಬರುವಾಗ ಕೈಚೀಲದಲ್ಲಿ ಅಷ್ಟು ನೀರು ಬಿಡುವುದಿಲ್ಲ, ದೊಡ್ಡ ಬ್ಯಾಗಿಗೇ ಹಾಕಬೇಕು. ಅದನ್ನು ಮಫ್ಲರಿನಲ್ಲೇ ಸುತ್ತುತ್ತೇನೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಅಪ್ಪನಿಗೆ ಓದಿ ಹೇಳಬೇಡ. ನಾಳೆ ಸಂಜೆಯೊಳಗೆ ಬಂದು ಹೋಗು, ಆ ಹಸಿರು ಟಾರ್ಚು ಮರೆಯದೆ ತಾ. ಸೆಲ್ ಹಾಕಿ ತಾ, ಆ ಸಲದ ಹಾಗೆ ಬೇಡ.

ನಿನ್ನ,
ಬ್ಯಾಗಿನ ಜಿಪ್ ಇನ್ನೂ ಹಾಕದ ಗೆಳೆಯ